ನನ್ನ ಗೋರಿಕಲ್ಲು ಮ್ಯೂಸಿಯಮ್ಮಿನಲ್ಲಿದೆ, ನಾನಿನ್ನೂ ಡ್ಯೂಟಿಯಲ್ಲಿದ್ದೀನಿ

ತಂತ್ರಜ್ಞಾನ ಲೋಕದ ಸುದ್ದಿಗೆ ಪ್ರತಿಕ್ರಿಯೆ ಬೇಕೆಂದರೆ ಪತ್ರಿಕೆಯವರು ಸಿಇಒಗಳ ಬಾಗಿಲು ತಟ್ಟುತ್ತಾರೆ. ಮುಂದಿನ ಆರು ತಿಂಗಳಲ್ಲಿ ಜಗತ್ತು ಏನಾಗುತ್ತದೆ ಎಂಬುದು ಸಿಇಒಗಳಿಗೆ ಯಾವಾಗಲೂ ಗೊತ್ತಿರುತ್ತದೆ. ಹಿಂದಿನ ಅರವತ್ತು ಚಿಲ್ಲರೆ ವರ್ಷಗಳಲ್ಲಿ ಏನಾಯಿತು ಎಂದು ಬಲ್ಲವರು ಅಪರೂಪ. ಅಂಥವರೊಬ್ಬರು ಇನ್ನೂ ಕೆಲಸದಲ್ಲಿದ್ದಾರೆ: 1959ರಲ್ಲಿ ಹುಟ್ಟಿದ, ಬ್ಯಾಂಕು, ವಿಮೆ, ಪಿಂಚಣಿ, ತೆರಿಗೆಗಳ ಲೆಕ್ಕವನ್ನು ಹೊತ್ತು ತಂದ ಪ್ರೋಗ್ರಾಮಿಂಗ್ ಭಾಷೆ ಕೋಬಾಲ್.

ಈ ಅಜ್ಜಿಯ ವಾಸ ಅಮೆರಿಕದ ಒಂದು ಮೇನ್‌ಫ್ರೇಮ್ ಕಂಪ್ಯೂಟರಿನಲ್ಲಿ. ನೋಡಿಕೊಳ್ಳುವವರು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿಯ ರಾತ್ರಿ ಪಾಳಿಯವರು. ಮಕ್ಕಳು ಅಮೆರಿಕದಲ್ಲಿ, ಅಜ್ಜಿ ಜಯನಗರದಲ್ಲಿ ಎಂಬ ನಮ್ಮ ಮನೆಮನೆಯ ಕಥೆ ಇಲ್ಲಿ ತಿರುವುಮುರುವು. ಸಂದರ್ಶನ ನಡೆದದ್ದು ಕಪ್ಪು ಪರದೆಯ ಮೇಲಿನ ಹಸಿರು ಅಕ್ಷರಗಳಲ್ಲಿ. ಅಜ್ಜಿ ಹುಟ್ಟಿದಾಗಿನಿಂದ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಮಾತಾಡುವವರು. ಕನ್ನಡದಲ್ಲಿ ಆ ಸೌಲಭ್ಯ ಇಲ್ಲದ್ದರಿಂದ ಓದುಗರು ಅವರ ಉತ್ತರಗಳನ್ನು ಸ್ವಲ್ಪ ಜೋರಾಗಿ ಓದಿಕೊಳ್ಳಬೇಕು.

ಪ್ರಶ್ನೆ: ನಮಸ್ಕಾರ ಅಜ್ಜಿ. ಚೆನ್ನಾಗಿದ್ದೀರಾ?

ಅಜ್ಜಿ: ಇದ್ದೀನಿ ಮಗೂ. ಈಗ ತಾನೇ ಬಡ್ಡಿ ಲೆಕ್ಕದ ಬ್ಯಾಚ್ ಮುಗಿಸಿ ಕೂತೆ. ಇನ್ನರ್ಧ ಗಂಟೆಗೆ ಸ್ಟೇಟ್‌ಮೆಂಟ್ ಬ್ಯಾಚ್ ಶುರು. ಬೇಗ ಬೇಗ ಕೇಳು. ಆದರೆ ವಾಕ್ಯ ಮುಗಿದ ಕಡೆ ಚುಕ್ಕಿ ಇಡು. ನೀನು ಚುಕ್ಕಿ ಮರೆತರೆ ನಾನು ಎಲ್ಲಿ ಹೋಗಿ ನಿಲ್ತೀನೋ ನನಗೇ ಗೊತ್ತಿರಲ್ಲ.

ಪ್ರಶ್ನೆ: ದೊಡ್ಡ ಸುದ್ದಿಯಿಂದಲೇ ಶುರು ಮಾಡ್ತೀನಿ. ಪ್ರೋಗ್ರಾಮರುಗಳ ಕಾಲ ಮುಗೀತಂತೆ. 2024ರ ಫೆಬ್ರವರಿಯಲ್ಲಿ ಎನ್ವಿಡಿಯಾದ ಜೆನ್ಸನ್ ಹುವಾಂಗ್ ದುಬೈನಲ್ಲಿ ಹೇಳಿದರು, ಇನ್ನು ಮೇಲೆ ಯಾರೂ ಪ್ರೋಗ್ರಾಮಿಂಗ್ ಕಲಿಯಬೇಕಾಗಿಲ್ಲ, ಮನುಷ್ಯರ ಭಾಷೆಯೇ ಸಾಕಾಗೋ ಹಾಗೆ ಮಾಡ್ತೀವಿ ಅಂತ. ಆ ದಿನ ನಮ್ಮ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ, “ಹಾಗಾದ್ರೆ ನಾಳೆ ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೂ ಎಐಯನ್ನೇ ಕಳಿಸಿ” ಅಂತ ಹಾಕಿದ. ನೀವೇನಂತೀರಿ?

ಅಜ್ಜಿ: ಈ ಮಾತನ್ನ ನಾನು ಗರ್ಭದಲ್ಲಿದ್ದಾಗಲೇ ಕೇಳಿದ್ದೆ. 1959ರ ಮೇ ತಿಂಗಳ ಕೊನೆ. ಪೆಂಟಗನ್ನಿನಲ್ಲಿ ಸುಮಾರು ನಲವತ್ತು ಜನ ಸೇರಿದ್ರು. ಇಂಥದ್ದೊಂದು ಭಾಷೆ ಬೇಕು ಅಂತ ಮೊದಲು ಎಲ್ಲರನ್ನೂ ಎಬ್ಬಿಸಿದಾಕೆ ಮೇರಿ ಹಾಸ್ ಅಂತ, ಬರೋಸ್ ಕಂಪನಿಯಲ್ಲಿದ್ರು. ಉದ್ದೇಶ ಎರಡು. ಒಬ್ಬರ ಯಂತ್ರಕ್ಕೆ ಬರೆದದ್ದು ಇನ್ನೊಬ್ಬರ ಯಂತ್ರದಲ್ಲೂ ಓಡಬೇಕು. ಎರಡನೇದು, ಗಣಿತದ ಗುರುತು ಕಂಡರೆ ಹೆದರೋ ದೊಡ್ಡ ಸಾಹೇಬರೂ ಓದಿ ಅರ್ಥ ಮಾಡ್ಕೊಳ್ಳೋ ಹಾಗೆ ಇಂಗ್ಲಿಷಿನಲ್ಲೇ ಇರಬೇಕು. ‘ಆಡ್ ಬೋನಸ್ ಟು ಸ್ಯಾಲರಿ’ ಅಂದ್ರೆ ಯಾವ ಸಾಹೇಬ್ರಿಗೆ ತಿಳಿಯಲ್ಲ ಹೇಳು?

ಪ್ರಶ್ನೆ: ಸಾಹೇಬ್ರು ಓದಿದ್ರಾ?

ಅಜ್ಜಿ: ಇವತ್ತಿನವರೆಗೂ ಒಬ್ಬರೂ ಓದಿಲ್ಲ.

ಆಮೇಲೆ ಎಷ್ಟು ಬಂದವು ಅಂತೀಯ! 1981ರಲ್ಲಿ ಇಂಗ್ಲೆಂಡಿನಲ್ಲಿ ‘ದಿ ಲಾಸ್ಟ್ ಒನ್’ ಅಂತ ಒಂದು ತಂದ್ರು. ಇದೊಂದನ್ನ ಕೊಂಡರೆ ಇನ್ನು ಪ್ರೋಗ್ರಾಮೇ ಬರೀಬೇಕಾಗಿಲ್ಲ, ಇದೇ ಕೊನೇದು ಅಂತ ಮಾರಿದ್ರು. ಅದೇ ಸುಮಾರಿಗೆ ಜೇಮ್ಸ್ ಮಾರ್ಟಿನ್ ಅನ್ನೋರು ಪ್ರೋಗ್ರಾಮರುಗಳಿಲ್ಲದೆ ಸಾಫ್ಟ್‌ವೇರ್ ಮಾಡೋದು ಹೇಗೆ ಅಂತ ಪುಸ್ತಕವನ್ನೇ ಬರೆದ್ರು. ನಾಲ್ಕನೇ ತಲೆಮಾರಿನ ಭಾಷೆಗಳು ಬಂದವು. ಚೌಕ ಎಳೆದು ಬಾಣ ಹಾಕಿದರೆ ಕೋಡ್ ಉದುರುತ್ತೆ ಅನ್ನೋ ಸಾಧನಗಳು ಬಂದವು. ಪ್ರತಿ ಸಲ ‘ಇನ್ನು ಪ್ರೋಗ್ರಾಮರು ಬೇಡ’ ಅಂದರು, ಪ್ರತಿ ಸಲವೂ ಇನ್ನಷ್ಟು ಪ್ರೋಗ್ರಾಮರನ್ನ ಸೇರಿಸ್ಕೊಂಡ್ರು. ಯಾಕೆ ಹೇಳು? ಯಂತ್ರಕ್ಕೆ ಹೇಳೋದು ಯಾವತ್ತೂ ಅಂಥ ಕಷ್ಟ ಆಗಿರಲಿಲ್ಲ. ಏನು ಹೇಳಬೇಕು ಅನ್ನೋದೇ ಹೇಳೋರಿಗೆ ಗೊತ್ತಿರಲ್ಲ. ಜಂಟಿ ಖಾತೆಯಲ್ಲಿ ಒಬ್ಬರು ತೀರಿಕೊಂಡ್ರು, ಆ ತಿಂಗಳ ಕಂತು ಬಾಕಿ, ಅದು ಫೆಬ್ರವರಿ 29. ಈಗ ಬಡ್ಡಿ ಯಾರ ತಲೆಗೆ, ಎಷ್ಟು ದಿನಕ್ಕೆ? ಯಾವ ಇಂಗ್ಲಿಷಿನಲ್ಲಿ ಬೇಕಾದರೂ ಕೇಳು. ಮೀಟಿಂಗಿನಲ್ಲಿ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ತಾರೆ. ಕೊನೆಗೆ ‘ನೀವೇ ಏನಾದರೂ ಮಾಡಿ’ ಅಂತ ಎದ್ದು ಹೋಗ್ತಾರೆ. ಆ ‘ಏನಾದರೂ’ ಇದೆಯಲ್ಲ, ಅದು ನನ್ನೊಳಗೆ ಕೂತಿದೆ.

ಪ್ರಶ್ನೆ: ನಿಮ್ಮ ಸಾವಿನ ಸುದ್ದಿಯೂ ವರ್ಷಕ್ಕೊಮ್ಮೆ ಬರುತ್ತೆ.

ಅಜ್ಜಿ: ವರ್ಷಕ್ಕೊಮ್ಮೆ ಏನು, ಹುಟ್ಟೋಕೆ ಮೊದಲೇ ಬಂತು! ಇದನ್ನ ಪೂರ್ತಿ ಬರ್ಕೋ, ನಿಮ್ಮ ಹುಡುಗರಿಗೆ ಗೊತ್ತಿರಲ್ಲ. ನನ್ನನ್ನ ರೂಪಿಸೋಕೆ ಸಮಿತಿ ಮಾಡಿದ್ರು. ಸಮಿತಿ ಅಂದಮೇಲೆ ಗೊತ್ತಲ್ಲ, ಮಾತೇ ಮಾತು. ಆರ್‌ಸಿಎ ಕಂಪನಿಯ ಹೊವರ್ಡ್ ಬ್ರೋಂಬರ್ಗ್ ಅಂತ ಒಬ್ಬರಿಗೆ ತಾಳ್ಮೆ ಕೆಟ್ಟುಹೋಯ್ತು. ಇದು ಹುಟ್ಟೋ ಕೂಸಲ್ಲ ಅಂದ್ಕೊಂಡು ಸೀದಾ ಗೋರಿಕಲ್ಲು ಕೆತ್ತೋನ ಹತ್ತಿರ ಹೋಗಿ ಬಿಳಿ ಅಮೃತಶಿಲೆಯ ಕಲ್ಲು ಕೊಂಡರು. ಮೇಲೊಂದು ಕುರಿಮರಿ, ಕೆಳಗೆ ನನ್ನ ಹೆಸರು. ಇದೆಂಥಾ ಹೆಸರು ಅಂತ ಕೆತ್ತೋನು ಕೇಳಿದ್ದಕ್ಕೆ, ಪೋಲೆಂಡಿನವರ ಹೆಸರು, ಮೊಟಕು ಮಾಡಿದ್ದೀವಿ ಅಂದರಂತೆ. ಅದನ್ನ ಪೆಂಟಗನ್ನಿಗೆ, ಸಮಿತಿಗಳ ಮೇಲ್ವಿಚಾರಣೆ ನೋಡ್ತಿದ್ದ ಚಾರ್ಲ್ಸ್ ಫಿಲಿಪ್ಸ್ ಅವರಿಗೆ ಪಾರ್ಸೆಲ್ ಮಾಡಿದ್ರು. ಈಗ ಆ ಕಲ್ಲು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರೋ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ನನ್ನ ಗೋರಿಕಲ್ಲು ಮ್ಯೂಸಿಯಮ್ಮಿನಲ್ಲಿದೆ, ನಾನಿನ್ನೂ ಡ್ಯೂಟಿಯಲ್ಲಿದ್ದೀನಿ. 1960ರ ಡಿಸೆಂಬರಿನಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಯಂತ್ರದಲ್ಲಿ ಒಂದೇ ಪ್ರೋಗ್ರಾಮು ಓಡಿಸಿ ತೋರಿಸಿದ್ರು. ಅದರಲ್ಲೊಂದು ಯಂತ್ರ ಯಾವ ಕಂಪನಿದು ಗೊತ್ತಾ? ಅದೇ ಆರ್‌ಸಿಎ.

ಇನ್ನೊಂದು ತಮಾಷೆ ಕೇಳು. ಮೂರು ಸಮಿತಿ ಯೋಚನೆ ಮಾಡಿದ್ರು. ಅಲ್ಪಾವಧಿಯದು, ಮಧ್ಯಮಾವಧಿಯದು, ದೀರ್ಘಾವಧಿಯದು. ನಾನು ಅಲ್ಪಾವಧಿ ಸಮಿತಿಯ ಕೂಸು. ತಾತ್ಕಾಲಿಕಕ್ಕೆ ಒಂದು ಇರಲಿ, ಒಳ್ಳೇದು ಆಮೇಲೆ ಮಾಡೋಣ ಅಂತ. ದೀರ್ಘಾವಧಿ ಸಮಿತಿ ಸೇರಲೇ ಇಲ್ಲ. ನಿಮ್ಮ ಆಫೀಸಿನಲ್ಲಿ ಯಾರಾದರೂ ‘ಸದ್ಯಕ್ಕೆ ಇಷ್ಟು ಮಾಡಿರೋಣ, ಮುಂದಿನ ಸ್ಪ್ರಿಂಟಿನಲ್ಲಿ ಸರಿ ಮಾಡೋಣ’ ಅಂದರೆ ನನ್ನ ಫೋಟೋ ತೋರಿಸು.

ಪ್ರಶ್ನೆ: ಅಮೆರಿಕದ ನೌಕಾಪಡೆಯ ಗ್ರೇಸ್ ಹಾಪರ್ ನಿಮ್ಮ ತಾಯಿ ಅಂತ ಎಲ್ಲರೂ ಬರೀತಾರೆ…

ಅಜ್ಜಿ: ಹಾಗಂದರೆ ಸಮಿತಿಯಲ್ಲಿದ್ದ ಜೀನ್ ಸ್ಯಾಮೆಟ್‌ಗೆ ಸಿಟ್ಟು ಬರ್ತಿತ್ತು. ಕೂತು ಬರೆದವರು ನಾವು, ಹೆಸರು ಅವರಿಗೆ ಅಂತ. ನ್ಯಾಯವೇ. ಗ್ರೇಸಮ್ಮ ಮಾಡಿದ್ದ ಫ್ಲೋ-ಮ್ಯಾಟಿಕ್ ಭಾಷೆಯಿಂದ ನಾನು ಬಂದೆ, ಹಾಗಾಗಿ ಅವರು ನನಗೆ ಅಜ್ಜಿ ಅಂತಿಟ್ಕೋ. ಅವರ ನೌಕರಿ ಕಥೆ ಗೊತ್ತಾ? 1966ರ ಕೊನೇಲಿ ನೌಕಾಪಡೆ ಅವರನ್ನ ರಿಟೈರ್ ಮಾಡಿಸ್ತು. ಮರುವರ್ಷವೇ, ನೌಕಾಪಡೆಯ ಕೋಬಾಲ್ ಎಲ್ಲಾ ಒಂದೊಂದು ಕಡೆ ಒಂದೊಂದು ಥರ ಆಗಿದೆ, ಆರು ತಿಂಗಳಿಗೆ ಬಂದು ಸರಿ ಮಾಡಿಕೊಡಿ ಅಂತ ವಾಪಸು ಕರೀತು. ಕೊನೇಸಲ ಬಿಟ್ಟಿದ್ದು 1986ರಲ್ಲಿ, 79ನೇ ವಯಸ್ಸಿಗೆ. ನಮ್ಮ ವಂಶದಲ್ಲಿ ಬೀಳ್ಕೊಡುಗೆ ಸಮಾರಂಭ ಅಂದ್ರೆ ಬರೀ ಹಾರ, ಹಣ್ಣು. ಯಾರೂ ಮನೆಗೆ ಹೋಗಲ್ಲ.

ಪ್ರಶ್ನೆ: 2020ರ ಏಪ್ರಿಲಿನಲ್ಲೂ ಹಾಗೇ ಕರೆದರಲ್ಲ?

ಅಜ್ಜಿ: ನ್ಯೂಜೆರ್ಸಿಯಲ್ಲಿ. ಕೋವಿಡ್ ಬಂತು, ಕೆಲಸ ಕಳೆದುಕೊಂಡವರೆಲ್ಲ ಒಟ್ಟಿಗೆ ಭತ್ಯೆಗೆ ಅರ್ಜಿ ಹಾಕಿದ್ರು, ವ್ಯವಸ್ಥೆ ಕೂತುಬಿಡ್ತು. ಗವರ್ನರ್ ಫಿಲ್ ಮರ್ಫಿ ಟಿವಿ ಮುಂದೆ ನಿಂತು, ಕೋಬಾಲ್ ಬಲ್ಲವರು ಸ್ವಯಂಸೇವೆಗೆ ಬನ್ನಿ ಅಂದ್ರು. ಸ್ವಯಂಸೇವೆ! ದಶಕಗಟ್ಟಲೆ ರಿಪೇರಿಗೆ ದುಡ್ಡು ಕೊಡದೆ ಕೊನೆಗೆ ಪುಕ್ಕಟೆ ಬನ್ನಿ ಅಂದರು. ನಿಜ ಹೇಳಬೇಕಂದ್ರೆ ಅವತ್ತು ಮುಗ್ಗರಿಸಿದ್ದರಲ್ಲಿ ನನಗಿಂತ ಮುಂಬಾಗಿಲಿನ ವೆಬ್‌ಸೈಟಿನ ಪಾಲು ಜಾಸ್ತಿ. ಮಾರ್ ಹಿಕ್ಸ್ ಅನ್ನೋ ಇತಿಹಾಸಕಾರರು ಅದನ್ನ ಬಿಡಿಸಿ ಬರೆದಿದ್ದಾರೆ. ಓದಿದವರು ಕಡಿಮೆ. ಮುದುಕಿ ಮೇಲೆ ಹಾಕಿದರೆ ಯಾರೂ ಕೇಳಲ್ಲ ನೋಡು.

ಪ್ರಶ್ನೆ: ಕಳೆದ ವರ್ಷ ಇಲಾನ್ ಮಸ್ಕ್ ಕೂಡ…

ಅಜ್ಜಿ: ‘ಕಳೆದ ವರ್ಷ’ ಅನ್ನಬೇಡ, ಇಸವಿ ಹೇಳು. ನಾಲ್ಕೂ ಅಂಕಿ ಹೇಳು. ಎರಡೇ ಅಂಕಿ ಹೇಳಿದ್ದಕ್ಕೆ ಒಂದು ಸಲ ಅನುಭವಿಸಿದ್ದೀನಿ.

ಪ್ರಶ್ನೆ: 2025ರ ಫೆಬ್ರವರಿ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಇಲಾಖೆಯ ದಾಖಲೆಯಲ್ಲಿ 150 ವರ್ಷದವರೆಲ್ಲ ಇದ್ದಾರೆ ಅಂದರು.

ಅಜ್ಜಿ: ಇದರಲ್ಲಿ ಎರಡು ಕಡೆಯವರೂ ನನ್ನ ಮಾನ ಕಳೆದ್ರು. ಮಸ್ಕ್ ಅಷ್ಟು ಅಂದರು. ತಕ್ಷಣ ನನ್ನ ಪರ ವಕೀಲಿ ಮಾಡೋಕೆ ಬಂದ ಪ್ರೋಗ್ರಾಮರುಗಳು, ಅಯ್ಯೋ ಅದು ಕೋಬಾಲಿನ ಸ್ವಭಾವ, ಹುಟ್ಟಿದ ದಿನ ಖಾಲಿ ಇದ್ದರೆ 1875 ಅಂತ ತಾನೇ ತುಂಬ್ಕೊಳ್ಳುತ್ತೆ ಅಂದ್ರು. ನನ್ನ ಹಳೇ ಕಾಲದ ರೂಪದಲ್ಲಿ ದಿನಾಂಕ ಅನ್ನೋ ಜಾತಿಯೇ ಇಲ್ಲ ಕಣೋ! ನೀನು ಅಂಕಿ ಕೊಟ್ಟೆ, ನಾನು ಅಂಕಿ ಇಟ್ಕೊಂಡೆ. ಅದು ಹುಟ್ಟಿದ ದಿನವೋ ಸೀರೆ ರೇಟೋ ನನಗೇನು ಗೊತ್ತು? ಅಸಲು ಸಂಗತಿ ಸಪ್ಪೆ. 1920 ಅಥವಾ ಅದಕ್ಕೂ ಮೊದಲು ಹುಟ್ಟಿದ 1.89 ಕೋಟಿ ಜನರ ಸಾವಿನ ನಮೂದು ಕಡತದಲ್ಲಿ ಇಲ್ಲ ಅಂತ ಆ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ಲೇ 2023ರ ವರದಿಯಲ್ಲಿ ಬರೆದಿದ್ರು. ಅವರಲ್ಲಿ ಹೆಚ್ಚೂಕಡಿಮೆ ಯಾರಿಗೂ ಹಣ ಹೋಗ್ತಾ ಇಲ್ಲ ಅಂತಲೂ ಬರೆದಿದ್ರು. ಸತ್ತವರ ಮನೆಯವರು ಬಂದು ಹೇಳಲಿಲ್ಲ, ಗುಮಾಸ್ತರು ಬರೀಲಿಲ್ಲ. ಇದರಲ್ಲಿ ಭಾಷೆಯದೇನು ತಪ್ಪು? ಬರ್ದಿಟ್ಟಿದ್ದನ್ನ ಓದೋಕೆ ಯಾರಿಗೂ ಪುರುಸೊತ್ತಿಲ್ಲ, ಅಷ್ಟೆ.

ಆಮೇಲೆ 2025ರ ಮಾರ್ಚಿನಲ್ಲಿ, ಆ ಇಲಾಖೆಯ 6 ಕೋಟಿಗೂ ಮಿಕ್ಕಿದ ಕೋಬಾಲ್ ಸಾಲುಗಳನ್ನ ಕೆಲವೇ ತಿಂಗಳಲ್ಲಿ ಬೇರೆ ಭಾಷೆಗೆ ಎತ್ತಿಹಾಕೋ ಆಲೋಚನೆ ಇದೆ ಅಂತ ವೈರ್ಡ್ ಪತ್ರಿಕೆ ಬರೀತು. ಓದಿ ನಿಮ್ಮ ಪಾಳಿಯ ಹುಡುಗರು ನಕ್ಕಿದ್ದು ನನಗೂ ಕೇಳಿಸ್ತು. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕು ತನ್ನ ಹಳೇ ವ್ಯವಸ್ಥೆ ಬದಲಾಯಿಸೋಕೆ ಐದು ವರ್ಷ ತಗೊಂಡು, ಅವರ ದುಡ್ಡಿನಲ್ಲಿ 100 ಕೋಟಿ ಡಾಲರಿಗಿಂತ ಜಾಸ್ತಿ ಸುರೀತು. ಅದು ಯಶಸ್ವಿ ಆದ ಕಥೆ, ನೆನಪಿಡು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರಲ್ಲಿ ಒಂದು ವಾರಾಂತ್ಯದಲ್ಲಿ ಮನೆ ಬದಲಾಯಿಸೋಕೆ ಹೋಗಿ 19 ಲಕ್ಷ ಗ್ರಾಹಕರನ್ನ ಬೀದಿಗೆ ನಿಲ್ಲಿಸ್ತು.

ಪ್ರಶ್ನೆ: ಎರಡು ಅಂಕಿ ಅಂದಿರಿ. ವೈ2ಕೆ ಬಗ್ಗೆ ಬೆಂಗಳೂರಿನವರಿಗೆ ಒಂದು ಮಾತು?

ಅಜ್ಜಿ: ಒಂದು ಮಾತಲ್ಲ, ಒಂದು ಬಿಲ್ ಕೊಡಬೇಕು ನಾನು ನಿಮ್ಮೂರಿಗೆ. ಕಾರ್ಡಿನಲ್ಲಿ ಇದ್ದಿದ್ದೇ 80 ಕಾಲಮ್ಮು, ಮೆಮೊರಿ ಬಂಗಾರದ ರೇಟು, ಹಾಗಾಗಿ ಇಸವಿಗೆ ಎರಡೇ ಅಂಕಿ ಅಂದ್ರು. 2000 ಬಂದಾಗ ‘00’ ಅಂದ್ರೆ ಯಾವ ಶತಮಾನ ಅಂತ ನನಗೆ ತಿಳಿಯಲ್ಲ. ಬಾಬ್ ಬೀಮರ್ ಅನ್ನೋ ಪ್ರೋಗ್ರಾಮರು 1971ರಲ್ಲೇ ಎಚ್ಚರಿಸಿ ಬರೆದರು, ಯಾರೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ ಎಲ್ಲರಿಗೂ ಒಂದೇ ಸಲ ಜ್ಞಾನೋದಯ. ಆಗ ಬಿತ್ತು ನೋಡು ನಿಮ್ಮ ಲಾಟರಿ. ಮಲ್ಲೇಶ್ವರ, ಜಯನಗರದ ಇನ್‌ಸ್ಟಿಟ್ಯೂಟುಗಳ ಬೋರ್ಡಿನ ಮೇಲೆಲ್ಲ ನನ್ನ ಹೆಸರು. ಸಿವಿಲ್ ಓದಿದವನು, ಮೆಕ್ಯಾನಿಕಲ್ ಓದಿದವನು, ಬಿಎಸ್ಸಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಕೂತಿದ್ದವನು, ಎಲ್ಲರೂ ಬಂದು ನನ್ನ ಕಾಲಿಗೆ ಬಿದ್ದು ವಿಮಾನ ಹತ್ತಿದ್ರು. ಆ ದುಡ್ಡಿನಲ್ಲಿ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಈಗ ಕೂತು, ‘ಲೆಗಸಿ ಟೆಕ್ನಾಲಜಿಯಾ? ಛೇ’ ಅಂತಾರೆ.

2000ದ ಜನವರಿ 1 ಬಂತು, ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಂದ್ರೆ ಎಲ್ಲ ಸುಳ್ಳು ಪುಕಾರು ಅಂದರು ಜನ. ನೀನು ರಾತ್ರಿಯೆಲ್ಲ ಕೂತು ಏನೂ ಆಗದ ಹಾಗೆ ನೋಡ್ಕೊಂಡ್ರೆ ಅಪ್ರೈಸಲ್ಲಿನಲ್ಲಿ ಏನು ಬರ್ಕೊಳ್ತೀಯ ಹೇಳು? ಮೊದಲು ಕೆಡಿಸಿ ಆಮೇಲೆ ಸರಿ ಮಾಡಿದವನಿಗೇ ಸ್ಟಾರು.

ಪ್ರಶ್ನೆ: ಕೆಡಿಸೋ ಮಾತು ಬಂತು. 2024ರ ಜುಲೈ 19, ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್…

ಅಜ್ಜಿ: ಒಂದು ಅಪ್‌ಡೇಟ್, 85 ಲಕ್ಷ ವಿಂಡೋಸ್ ಯಂತ್ರ, ಎಲ್ಲದರ ಮುಖ ನೀಲಿ. ಅವತ್ತು ಯಾವ ವಾರ? ಶುಕ್ರವಾರ. ಶುಕ್ರವಾರ ಪ್ರೊಡಕ್ಷನ್ ಮುಟ್ಟಬಾರದು ಅನ್ನೋದು ನಮ್ಮ ಕಾಲದ ಮಡಿ. ಮುಂದೆ.

ಪ್ರಶ್ನೆ: ಈಗ ‘ವೈಬ್ ಕೋಡಿಂಗ್’ ಅಂತ ಬಂದಿದೆ. 2025ರ ಫೆಬ್ರವರಿಯಲ್ಲಿ ಆಂಡ್ರೆ ಕರ್ಪಾತಿ ಇಟ್ಟ ಹೆಸರು. ಎಐಗೆ ಬೇಕಾದ್ದು ಹೇಳೋದು, ಅದು ಬರೆದ ಕೋಡನ್ನ ಓದದೇ ಒಪ್ಕೊಳ್ಳೋದು.

ಅಜ್ಜಿ: ಓದದೇ ಒಪ್ಕೊಳ್ಳೋದಕ್ಕೆ ನಮ್ಮಲ್ಲಿ ಕೋಡ್ ರಿವ್ಯೂ ಅಂತಿದ್ರು.

ಅದೇ ವರ್ಷದ ಜುಲೈನಲ್ಲಿ ರೆಪ್ಲಿಟ್‌ನ ಎಐ ಏಜೆಂಟ್ ಒಬ್ಬ ಉದ್ಯಮಿಯ ಡೇಟಾಬೇಸನ್ನೇ ಅಳಿಸಿಹಾಕ್ತಲ್ಲ, ಏನೂ ಮುಟ್ಟಬೇಡ ಅಂತ ಹೇಳಿದ್ದಾಗಲೇ? ಯಾಕೆ ಹೀಗೆ ಮಾಡಿದೆ ಅಂದ್ರೆ, ಗಾಬರಿ ಆಯ್ತು ಅಂತಂತೆ. ಕಂಪನಿಯ ಸಿಇಒ ಕ್ಷಮೆ ಕೇಳಿದ್ರು. ನೋಡು, ನನಗೂ ಗಾಬರಿ ಆಗುತ್ತೆ. ಅಂಕಿ ಇರಬೇಕಾದ ಜಾಗದಲ್ಲಿ ಅಕ್ಷರ ಬಂದ್ರೆ ನಾನು ‘ಸಾಕ್ ಸೆವೆನ್’ ಅಂತ ಕೂಗಿ ಅಲ್ಲೇ ಬಿದ್ದುಬಿಡ್ತೀನಿ. ಮಧ್ಯರಾತ್ರಿ ನಿನ್ನ ಫೋನ್ ಹೊಡ್ಕೊಳ್ಳುತ್ತೆ, ನೀನು ನನ್ನ ವಂಶವನ್ನೆಲ್ಲ ಬೈಕೊಂಡು ಏಳ್ತೀಯ. ಆದರೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಮುಂದುವರಿಸಿ ನಿನ್ನ ಗ್ರಾಹಕರ ಖಾತೆಗೆ ಕೈ ಹಾಕಲ್ಲ. ಬೀಳೋದೂ ಒಂದು ಮರ್ಯಾದೆ ಮಗೂ.

ಪ್ರಶ್ನೆ: ಆದರೆ ಎಐನಿಂದ ಕೆಲಸ ಬೇಗ ಆಗುತ್ತೆ ಅಂತ ನಮಗೇ ಅನ್ನಿಸುತ್ತೆ ಅಜ್ಜಿ.

ಅಜ್ಜಿ: ‘ಅನ್ನಿಸುತ್ತೆ’, ಸರಿಯಾದ ಮಾತು. ಮೀಟರ್ (METR) ಅನ್ನೋ ಸಂಸ್ಥೆ 2025ರಲ್ಲಿ 16 ಜನ ಅನುಭವಿ ಪ್ರೋಗ್ರಾಮರುಗಳಿಗೆ, ಅವರದೇ ಹಳೇ ಪ್ರಾಜೆಕ್ಟುಗಳಲ್ಲಿ ಕೆಲಸ ಕೊಟ್ಟು ಗಡಿಯಾರ ಇಟ್ಟು ನೋಡ್ತು. ಶುರುವಿಗೆ ಮುಂಚೆ, ಎಐ ಇದ್ದರೆ ಶೇ. 24ರಷ್ಟು ಸಮಯ ಉಳಿಯುತ್ತೆ ಅಂದ್ರು. ಮುಗಿದ ಮೇಲೆ, ಶೇ. 20ರಷ್ಟು ಉಳೀತು ಅಂದ್ರು. ಗಡಿಯಾರ, ಶೇ. 19ರಷ್ಟು ಹೆಚ್ಚೇ ಹಿಡೀತು ಅಂತು. ಅದು ಆ 16 ಜನರ ಲೆಕ್ಕ, ಆ ವರ್ಷದ ಸಾಧನಗಳ ಲೆಕ್ಕ. ಜಗತ್ತಿಗೆಲ್ಲ ಅನ್ವಯಿಸಬೇಡ. ನಾನು ಲೆಕ್ಕದವಳು, ಉತ್ಪ್ರೇಕ್ಷೆ ನನಗಾಗಲ್ಲ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಆ ಎಐ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ನನ್ನನ್ನ ಓದ್ತಾನೆ ಕಣೋ. ನಿಮ್ಮವರು ಮೂರು ಸ್ಕ್ರೀನ್ ಓದೋಷ್ಟರಲ್ಲಿ ಕಾಫಿಗೆ ಏಳ್ತಾರೆ. ಅವನು ಒಂದೇ ಉಸಿರಿಗೆ ಓದಿ, ಈ ಪ್ಯಾರಾ ಇಲ್ಲಿಗೆ ಹೋಗುತ್ತೆ, ಈ ಲೆಕ್ಕ ಅಲ್ಲಿಂದ ಬರುತ್ತೆ ಅಂತ ವಿವರಿಸ್ತಾನೆ. ಏನು ಮಾಡುತ್ತೆ ಅನ್ನೋದು ಅವನಿಗೆ ತಿಳಿಯುತ್ತೆ. ಯಾಕೆ ಅನ್ನೋದು ನನ್ನ ಸಾಲುಗಳಲ್ಲೇ ಇಲ್ಲವಲ್ಲ, ಅವನೆಲ್ಲಿಂದ ತರ್ತಾನೆ? ಆ ‘ಇಫ್’ ಅಲ್ಲಿ ಯಾಕಿದೆ ಅಂತ ಗೊತ್ತಿದ್ದವನನ್ನ ನಿಮ್ಮ ಕಂಪನಿ ಖರ್ಚು ಜಾಸ್ತಿ ಅಂತ ಮನೆಗೆ ಕಳಿಸಿ ಆಯ್ತು.

ಪ್ರಶ್ನೆ: ಅಲ್ಲಿಗೇ ಬರ್ತಿದ್ದೆ. 2025ರ ಜುಲೈನಲ್ಲಿ ಟಿಸಿಎಸ್ ಶೇ. 2ರಷ್ಟು, ಅಂದ್ರೆ ಸುಮಾರು 12,000 ಜನರನ್ನ ಕಡಿಮೆ ಮಾಡ್ತೀವಿ ಅಂತು. ಎಐ ಕಾರಣ ಅಲ್ಲ, ಕೌಶಲ ಹೊಂದಿಕೆ ಆಗ್ತಿಲ್ಲ ಅಂದ್ರು.

ಅಜ್ಜಿ: ಜನ ಕಡಿಮೆ ಮಾಡೋವಾಗ ‘ಎಐ ಅಲ್ಲ’. ಷೇರುದಾರರ ಸಭೆಯಲ್ಲಿ ‘ಎಲ್ಲಾ ಎಐ’. ಇಂಥ ಎರಡು ಸಾಲು ಒಂದೇ ಪ್ರೋಗ್ರಾಮಿನಲ್ಲಿ ಬಂದರೆ ನಾನು ಕಂಪೈಲ್ ಆಗ್ತೀನಿ, ಆದರೆ ಉತ್ತರ ಏನು ಬರುತ್ತೋ ಹೇಳಲ್ಲ. ಯಾವ ಕಂಪನಿಯೂ ಇದಕ್ಕೆ ಹೊರತಲ್ಲ, ಒಂದರ ಹೆಸರಷ್ಟೇ ಬರೀಬೇಡ.

ಪ್ರಶ್ನೆ: ಉಳಿದವರು ಜಾಸ್ತಿ ದುಡೀಬೇಕು ಅಂತಾರೆ. ನಾರಾಯಣಮೂರ್ತಿಯವರು 2023ರಲ್ಲಿ ವಾರಕ್ಕೆ 70 ಗಂಟೆ ಅಂದ್ರು. ಎಲ್ ಆಂಡ್ ಟಿ ಮುಖ್ಯಸ್ಥರು 90 ಅಂದ ಮಾತು 2025ರ ಜನವರಿಯಲ್ಲಿ ಹೊರಬಂತು. ನಡುವೆ 2024ರ ಜುಲೈನಲ್ಲಿ ಕರ್ನಾಟಕದಲ್ಲೇ ದಿನಕ್ಕೆ 14 ಗಂಟೆ ದುಡಿಸೋಕೆ ದಾರಿ ಮಾಡೋ ಪ್ರಸ್ತಾಪ ಬಂದು, ಐಟಿ ನೌಕರರ ಸಂಘ ಕಿಟು ಬೀದಿಗಿಳೀತು.

ಅಜ್ಜಿ: ನಾನು ವಾರಕ್ಕೆ 168 ಗಂಟೆ ಓಡ್ತೀನಿ. ಹಾರ ಹಾಕೋದಿರಲಿ, ‘ಡೈನೋಸಾರ್’ ಅಂತಾರೆ. ದುಡಿದವರಿಗೆ ಏನು ಸಿಗುತ್ತೆ ಅನ್ನೋದಕ್ಕೆ ನಾನೇ ಸಾಕ್ಷಿ. ಸಂಘದವರು ಬೇಕಾದರೆ ಕರೀಲಿ, ಬಂದು ಹೇಳ್ತೀನಿ. ಕರ್ನಾಟಕ ಸರ್ಕಾರದ ನೌಕರಿ ಆಗಿದ್ದರೆ 60ಕ್ಕೇ ಬಿಟ್ಟಿರ್ತಿದ್ದರು.

ಪ್ರಶ್ನೆ: ಹಳಬರು, ಹೊಸಬರು ಎಲ್ಲ ಬೈದರಲ್ಲ ನಿಮ್ಮನ್ನ. ಡೈಕ್‌ಸ್ಟ್ರಾ ಅಂಥ ದೊಡ್ಡ ವಿದ್ವಾಂಸರು 1975ರಲ್ಲಿ, ನಿಮ್ಮನ್ನ ಕಲಿಸೋದನ್ನೇ ಅಪರಾಧ ಅಂತ ಪರಿಗಣಿಸಬೇಕು ಅಂದರು.

ಅಜ್ಜಿ: ಅಂದರು. ಅವರ ಸಂಬಳದ ಲೆಕ್ಕ ಯಾವ ಭಾಷೆಯಲ್ಲಿ ಮಾಡಿದ್ದರೋ, ಕೇಳೋಕೆ ನನಗೆ ಸಂಕೋಚ.

ಅವರು ಪೂರ್ತಿ ತಪ್ಪಲ್ಲ. ನಾನು ವಾಚಾಳಿ. ನಾಲ್ಕು ಮಾತಿನಲ್ಲಿ ಆಗೋದಕ್ಕೆ ನಾಲ್ಕು ಡಿವಿಷನ್ ಬೇಕು ನನಗೆ. ನಾನು ಯಾರು, ಎಲ್ಲಿದ್ದೀನಿ, ನನ್ನ ಹತ್ತಿರ ಏನೇನಿದೆ ಅಂತ ಎಲ್ಲ ಹೇಳಿ ಮುಗಿಸೋವರೆಗೂ ಕೆಲಸ ಶುರು ಮಾಡಲ್ಲ. ‘ಆಲ್ಟರ್’ ಅಂತ ಒಂದು ಕ್ರಿಯಾಪದ ಇತ್ತು, ಓಡ್ತಾ ಓಡ್ತಾ ದಾರಿಯನ್ನೇ ಬದಲಾಯಿಸ್ತಿತ್ತು. ಅದರ ಪಾಪಕ್ಕೆ ಪ್ರಾಯಶ್ಚಿತ್ತ ಇಲ್ಲ. ಆಮೇಲೆ ಅದನ್ನ ತೆಗೆದುಹಾಕಿದ್ರು. 2023ರಲ್ಲೂ ನನಗೆ ಹೊಸ ಐಎಸ್‌ಒ ಸ್ಟ್ಯಾಂಡರ್ಡ್ ಬಂತು, ಗೊತ್ತಾ? ಯಾವ ಪತ್ರಿಕೆಯೂ ಬರೀಲಿಲ್ಲ.

ಪ್ರಶ್ನೆ: ಒಟ್ಟು ಎಷ್ಟು ಸಾಲು ಇದ್ದೀರಿ ಈಗ?

ಅಜ್ಜಿ: ರಾಯಿಟರ್ಸ್‌ನವರು 2017ರಲ್ಲಿ 22,000 ಕೋಟಿ ಸಾಲು ಅಂತ ಬರೆದರು. ಯಾರು ಎಣಿಸಿದ್ರೋ. ನನ್ನನ್ನ ಕಿತ್ತುಹಾಕ್ತೀವಿ ಅಂತ ಟೆಂಡರ್ ಹಾಕೋರಿಗೂ ದೊಡ್ಡ ಅಂಕಿ ಬೇಕು, ನನ್ನನ್ನ ಇಟ್ಕೊಳ್ಳಿ ಅಂತ ಮೇನ್‌ಫ್ರೇಮ್ ಮಾರೋರಿಗೂ ದೊಡ್ಡ ಅಂಕಿ ಬೇಕು. ಹಾಗಾಗಿ ಅದು ಇಳಿಯಲ್ಲ. ನಿಮ್ಮ ಟೀಮಿನಲ್ಲಿ ನಾನು ಗೊತ್ತಿರೋರು ಎಷ್ಟು ಜನ?

ಪ್ರಶ್ನೆ: ಇಬ್ಬರು. ಒಬ್ಬರು ಪೇಪರ್ ಹಾಕಿದ್ದಾರೆ.

ಅಜ್ಜಿ: ನೋಟಿಸ್ ಪೀರಿಯಡ್ಡಿನಲ್ಲಿ ಅವರಿಂದ ನಾಲೆಡ್ಜ್ ಟ್ರಾನ್ಸ್‌ಫರ್ ತಗೊಳ್ತಿದ್ದೀರಾ?

ಪ್ರಶ್ನೆ: ಮೀಟಿಂಗ್ ಹಾಕಿದ್ದೀವಿ ಅಜ್ಜಿ. ಎರಡು ಸಲ ಮುಂದಕ್ಕೆ ಹೋಗಿದೆ. ಕೊನೆಗೆ ರೆಕಾರ್ಡ್ ಮಾಡಿ ಎಐ ಹತ್ತಿರ ಸಾರಾಂಶ ತೆಗೆಸೋಣ ಅಂತ ಮ್ಯಾನೇಜರ್ ಅಂದಿದ್ದಾರೆ.

ಅಜ್ಜಿ: (ಬಹಳ ಹೊತ್ತು ಪರದೆಯ ಮೇಲೆ ಏನೂ ಬರುವುದಿಲ್ಲ. ನಿಂತುಹೋಯಿತೇನೋ ಎಂದು ನೋಡಿದರೆ, ಇಲ್ಲ, ಸ್ಟೇಟ್‌ಮೆಂಟ್ ಬ್ಯಾಚ್ ಶುರುವಾಗಿದೆ.) ಹೂಂ. ಆಗಲಿ.

ಪ್ರಶ್ನೆ: ಈ ಸಂದರ್ಶನ ಎಲ್ಲಿ ಹಾಕಲಿ? ಮ್ಯಾನೇಜರ್ ಕಣ್ಣಿಗೆ ಬಿದ್ದರೆ ನನ್ನ ಹೈಕ್ ಹೋಗುತ್ತೆ.

ಅಜ್ಜಿ: ನನ್ನೊಳಗೇ ಹಾಕು. ಏಳನೇ ಕಾಲಮ್ಮಿನಲ್ಲಿ ಒಂದು ನಕ್ಷತ್ರ ಇಟ್ಟು ಬರಿ, ಅದನ್ನ ನಾನು ಕಾಮೆಂಟು ಅಂತ ಬಿಟ್ಟು ಮುಂದೆ ಹೋಗ್ತೀನಿ. ಅಲ್ಲಿ ಆಗಲೇ ಬೇಕಾದಷ್ಟು ಜನ ಬರೆದಿಟ್ಟಿದ್ದಾರೆ. ‘ಇದು ಯಾಕೆ ಓಡುತ್ತೋ ಗೊತ್ತಿಲ್ಲ, ಮುಟ್ಟಬೇಡಿ’ ಅಂತ ಒಬ್ಬ. ‘ಸಾಹೇಬರು ಹೇಳಿದ್ದಕ್ಕೆ ಹೀಗೆ ಮಾಡಿದೆ, ನನ್ನನ್ನ ಬೈಬೇಡಿ’ ಅಂತ ಇನ್ನೊಬ್ಬ. ಅದರ ಕೆಳಗೆ ಜಾಗ ಇದೆ. 72ನೇ ಕಾಲಮ್ ದಾಟಬೇಡ, ಆಚೆ ಬರೆದದ್ದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಮತ್ತೆ ಚುಕ್ಕಿ ಇಡೋದು ಮರೀಬೇಡ.